ಹಂಡೆಯ ನೀರು, ಕಾಡಿನ ಸೌದೆ



ಮಲೆನಾಡಿನಲ್ಲಿ ಹಂಡೆಯ ನೀರು ಎಷ್ಟು ಹೊತ್ತಿಗೆ ಕಾಯುತ್ತದೆಂಬುದು ಕಾಡಿನ ಅಳಿವು ಉಳಿವಿಗೂ ಸಂಬಂಧಿಸಿದ ಪ್ರಶ್ನೆ.

ಎತ್ತರ ಏರಿದಂತೆ ವಾಯುಭಾರ ಇಳಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದುವೂ ಇಳಿಯುತ್ತದೆ. ಕಡಲತೀರದಲ್ಲಿ 100 ಡಿಗ್ರಿಗೆ ಕುದಿಯುವ ನೀರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಸುಮಾರು 94 ಡಿಗ್ರಿಗೇ ಕುದಿಯುತ್ತದೆ. ನೀರು ಬೇಗ ಕುದಿದರೂ ಬೇಳೆ ಬೇಯುವುದು ತಡ.

ಎತ್ತರಕ್ಕಿಂತ ಒಲೆಯ ಪ್ರಭಾವ ದೊಡ್ಡದು. 20 ಡಿಗ್ರಿಯ 10 ಲೀಟರ್ ನೀರನ್ನು 100 ಡಿಗ್ರಿಗೆ ಏರಿಸಲು 800 ಕಿಲೋಕ್ಯಾಲರಿ ಶಾಖ ಬೇಕು. ಒಣಸೌದೆಯ ಶಾಖವೆಲ್ಲ ನೀರಿಗೇ ತಲಪುವಂತಿದ್ದರೆ ಸುಮಾರು 200 ಗ್ರಾಂ ಸಾಕು. ಮೂರು ಕಲ್ಲಿನ ಒಲೆಯಲ್ಲಿ ತಲಪುವುದು ಸುಮಾರು ಹತ್ತರಲ್ಲೊಂದು ಪಾಲು. ಹಾಗಾಗಿ ಎರಡು ಕಿಲೋ ಉರಿಯುತ್ತದೆ. ಹಸಿಸೌದೆಯ ಶಾಖದಲ್ಲಂತೂ ಒಂದು ಪಾಲು ತನ್ನೊಳಗಿನ ನೀರನ್ನು ಆವಿಯಾಗಿಸುವುದರಲ್ಲೇ ವ್ಯಯವಾಗುತ್ತದೆ. ಮುಚ್ಚಳವಿಲ್ಲದ ಹಂಡೆಯಿಂದ ಆವಿಯೊಡನೆ ಶಾಖವೂ ಹಾರಿಹೋಗುತ್ತದೆ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ ಈ ನಷ್ಟವನ್ನು ತಗ್ಗಿಸಲೆಂದೇ ಹುಟ್ಟಿದ್ದು. ಒಲೆ ಬದಲಿಸಲಾಗದವರೂ ಬೇಸಿಗೆಯಲ್ಲೇ ಸೌದೆ ಸೀಳಿ ಒಣಗಿಸಬಹುದು, ಹಂಡೆಗೆ ಮುಚ್ಚಳ ಹಾಕಬಹುದು. ಸ್ನಾನದ ನೀರು ಕುದಿಯಬೇಕಾಗಿಯೂ ಇಲ್ಲ. ಬೇಕಾದಷ್ಟು ಕಾದೊಡನೆ ಕೊಳ್ಳಿಯನ್ನು ಹಿಂದಕ್ಕೆಳೆಯಬಹುದು.

ಹೀಗೆ ಉಳಿಯುವ ಒಂದೊಂದು ಕೊಳ್ಳಿಯೂ ಕಾಡಿನಲ್ಲಿ ನಿಂತ ಮರ, ತಾಯಂದಿರ ತಲೆಯಿಂದ ಇಳಿದ ಹೊರೆ.