ನೀರಂಚಿನ ನೊಣ
(ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಇಂತಹ ಸಭೆಯಲ್ಲಿ ನೊಣವನ್ನು ಕುರಿತು ಮಾತನಾಡುವುದು ನಿಮಗೆ ವಿನೋದವಾಗಿ ತೋರಬಹುದು. ಆದರೆ ನಾನು ಹೇಳಲಿರುವುದು ಮನೆಯ ನೊಣದ ಮಾತಲ್ಲ. ಮಧುವಾಹಿನಿಯ ನೀರುಂಡು ಬೆಳೆಯುವ ನಮ್ಮ ಮಧೂರಿನ ಬೈಲುಗದ್ದೆಗಳಂತಹ ಕಡೆಗಳಲ್ಲಿ, ನೇಜಿ ನೆಟ್ಟ ಹೊಸತರಲ್ಲಿ, ನಿಂತ ನೀರಿನ ಸಮೀಪದಲ್ಲಿ ಸುಳಿದಾಡುವ ಬೂದುಬಣ್ಣದ ನೊಣವೊಂದುಂಟು. ಅದರ ಉದ್ದ 3 ಮಿಲಿಮೀಟರನ್ನು ಮೀರದು.

ಶಾಸ್ತ್ರಜ್ಞರು ಈ ನೊಣಗಳ ವಂಶವನ್ನು ಎಫಿಡ್ರಿಡೀ ಎಂದು ಕರೆಯುತ್ತಾರೆ. ನಾವು ದಡದ ನೊಣಗಳೆನ್ನೋಣ. ಜಗತ್ತಿನಲ್ಲಿ ಇವುಗಳ ಪ್ರಭೇದಗಳು ಸುಮಾರು 2,000. ಉಪ್ಪಿನ ಸರೋವರಗಳಲ್ಲಿ ಬಾಳುವವುಗಳೂ ಇವೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕಚ್ಚಾ ಎಣ್ಣೆಯ ಮಡುವಿನಲ್ಲಿಯೇ ಮರಿಹುಳುವಾಗಿ ಬೆಳೆಯುವ ವಿಚಿತ್ರ ಜೀವಿಯೂ ಇದೆ! ಯುರೋಪಿನಲ್ಲಿ ಹೈಡ್ರೆಲಿಯ ಗ್ರೈಸಿಯೋಲ ಎಂಬುದು ಬಾರ್ಲಿಯ ಎಲೆಯೊಳಗೆ ಸುರಂಗ ಕೊರೆಯುತ್ತದೆ. ಅದರ ದಾಯಾದಿಯೇ ಭತ್ತದ ಸುಳಿಯನ್ನು ತಿನ್ನುವ ಹೈಡ್ರೆಲಿಯ ಫಿಲಿಪ್ಪೀನ. ಇದು ಫಿಲಿಪ್ಪೀನ್ಸಿನಿಂದ ಭಾರತದವರೆಗೆ, ನೀರು ನಿಂತ ಗದ್ದೆಗಳಲ್ಲಿ ಹರಡಿದೆ.

ಭೂತಗನ್ನಡಿಯಲ್ಲಿ ನೋಡಿದರೆ ದಡದ ನೊಣಗಳಲ್ಲಿ ಒಂದು ಗುರುತು ಕಾಣುತ್ತದೆ. ರೆಕ್ಕೆಯ ಮುಂದಿನ ಅಂಚಿನ ನರವು ಎರಡು ಕಡೆ ತುಂಡಾದಂತಿರುತ್ತದೆ. ಆದರೆ ರೈತನಿಗೆ ಬೇಕಾದುದು ಎಲೆಯ ಮೇಲಿನ ಗುರುತು. ಹೆಣ್ಣು ನೊಣವು ಎಲೆಯ ಮೇಲೆ ಒಂದೊಂದಾಗಿ ಮೊಟ್ಟೆಯಿಡುತ್ತದೆ. ಮರಿಹುಳು ಇನ್ನೂ ಬಿಚ್ಚದ ಸುಳಿಯೊಳಗೆ ಸೇರಿ ಎಲೆಯ ಅಂಚನ್ನು ಮೇಯುತ್ತದೆ. ಎಲೆ ಬಿಚ್ಚಿದಾಗ ಅಂಚಿನಲ್ಲಿ ಬಿಳಿಯ ಪಟ್ಟೆಗಳೂ ಸಣ್ಣ ತೂತುಗಳೂ ಕಾಣುತ್ತವೆ. ಸುಳಿಯೇ ಒಣಗಿ, ಎಳೆದೊಡನೆ ಕೈಗೆ ಬಂದರೆ ಅದು ಈ ನೊಣದ ಕೆಲಸವಲ್ಲ, ಕಾಂಡಕೊರಕದ್ದು.

ಈ ಭೇದವನ್ನು ತಿಳಿಯುವುದೇಕೆ? ಪೈರು ತುಸು ಬಲಿತೊಡನೆ ನೊಣದ ಹಾವಳಿ ತಾನಾಗಿ ಇಳಿಯುತ್ತದೆ. ಹೊಸ ತೆಂಡೆಗಳೊಡೆದು ಗಿಡ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ನಿಂತ ನೀರೇ ನೊಣವನ್ನು ಕರೆಯುವುದರಿಂದ, ನೆಟ್ಟ ಮೊದಲ 30 ದಿನಗಳಲ್ಲಿ ನಡುನಡುವೆ ಮೂರು ನಾಲ್ಕು ದಿನ ನೀರು ಬಸಿದರೆ ಮೊಟ್ಟೆಯಿಡುವುದು ಕಡಮೆಯಾಗುತ್ತದೆ. ಇದನ್ನರಿಯದೆ ಬಿಳಿ ಪಟ್ಟೆ ಕಂಡೊಡನೆ ವಿಷ ಸಿಂಪಡಿಸಿದರೆ ಮೊದಲು ಸಾಯುವವು ನಮ್ಮ ಮಿತ್ರರಾದ ಜೇಡಗಳು ಮತ್ತು ಏರೋಪ್ಲೇನು ಚಿಟ್ಟೆಗಳು.

ವಿಷದ ಪರಿಣಾಮವನ್ನು ಕಾಸರಗೋಡಿನವರಿಗೆ ಬೇರೆಯವರು ತಿಳಿಸಬೇಕಾಗಿಲ್ಲ. ಗೇರುತೋಟಗಳ ಮೇಲೆ 2000ದವರೆಗೆ ಆಕಾಶದಿಂದ ಸುರಿದ ಎಂಡೋಸಲ್ಫಾನಿನ ನೋವನ್ನು ಎಷ್ಟೋ ಮನೆಗಳು ಇಂದಿಗೂ ಹೊತ್ತಿವೆ. ಸರ್ವೋಚ್ಚ ನ್ಯಾಯಾಲಯವು ಅದನ್ನು ದೇಶದಲ್ಲೆಲ್ಲ ತಡೆದುದು 2011ರಲ್ಲಿ. ಒಂದು ಕೀಟವನ್ನು ಕೊಲ್ಲಹೊರಟ ಮನುಷ್ಯನು ಇನ್ನೇನನ್ನೆಲ್ಲ ಕೊಲ್ಲುತ್ತಿರುವೆನೆಂದು ನೋಡದೆ ಹೋದನು.

ಆದುದರಿಂದ ಮಕ್ಕಳೇ, ಮುಂದಿನ ಏಣೆಲು ನಾಟಿಯಾದ ಬಳಿಕ ಹಿರಿಯರೊಡನೆ ಗದ್ದೆಯ ಹುಣಿಯಲ್ಲಿ ಕುಳಿತು ಹತ್ತು ಸುಳಿಗಳನ್ನು ನೋಡಿರಿ. ಕಂಡುದನ್ನು ಪುಸ್ತಕದಲ್ಲಿ ಬರೆದಿಡಿರಿ. ಪೋಷಕರೇ, ಔಷಧದ ಅಂಗಡಿಗೆ ಹೋಗುವ ಮೊದಲು ಆ ಪುಸ್ತಕವನ್ನೊಮ್ಮೆ ತೆರೆದು ನೋಡಿರೆಂದು ನಿಮ್ಮಲ್ಲಿ ನನ್ನ ಪ್ರಾರ್ಥನೆ.