ಕುಡಿತ ಬಿಟ್ಟವನು ರಾತ್ರಿ ಎಲ್ಲಿ ಮಲಗಬೇಕು?

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಧರ್ಮಸಂಸ್ಥೆಗಳು ನಡೆಸುವ ವ್ಯಸನಮುಕ್ತಿಯ ಕೆಲಸದ ಬಗ್ಗೆ, ಅದರಲ್ಲೂ ಮನೆಮಠವಿಲ್ಲದೆ ಬೀದಿಪಾಲಾದವರಿಗೆ ಅವುಗಳಿಂದ ಆಗುವ ಸಹಾಯದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯಕಾರಿ ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಇಂಥ ಭಾಷಣಗಳಲ್ಲಿ ಕುಡುಕರನ್ನು ಬೈಯುವುದು ವಾಡಿಕೆ. ಆ ವಾಡಿಕೆಯನ್ನು ನಾನು ಬಿಡುತ್ತೇನೆ. ಬೈಗಳಿಂದ ಕುಡಿತ ಬಿಡುವಂತಿದ್ದರೆ ನಮ್ಮ ತಾಯಂದಿರ, ಹೆಂಡಂದಿರ ಬಾಯಿಂದಲೇ ಈ ಊರಿನ ಅರ್ಧ ಜನ ಉದ್ಧಾರವಾಗಬೇಕಿತ್ತು.

ಮೊದಲು ನಮ್ಮ ಸ್ಥಿತಿಯನ್ನೇ ನೋಡೋಣ. ನಮ್ಮ ಅನೇಕ ಹೋಟೆಲುಗಳಲ್ಲಿ ಸಂಬಳದ ಜೊತೆಗೆ ಊಟವೂ ಮಲಗುವ ಜಾಗವೂ ಸೇರಿಯೇ ಬರುತ್ತವೆ. ಕೊನೆಯ ಗಿರಾಕಿ ಎದ್ದುಹೋದ ಮೇಲೆ ಮೇಜುಗಳನ್ನು ಒಟ್ಟಿ, ನೆಲ ತೊಳೆದು, ಅಲ್ಲೇ ಚಾಪೆ ಹಾಸುವ ಹುಡುಗರು ಎಷ್ಟೋ ಮಂದಿ. ಅಂಥವನೊಬ್ಬ ಕುಡಿತಕ್ಕೆ ಬಿದ್ದು ಎರಡು ದಿನ ಏಳದೆ ಹೋದರೆ ಧಣಿ ಲೆಕ್ಕ ಮುಗಿಸಿ ಕಳಿಸುತ್ತಾನೆ. ಆ ದಿನ ಅವನಿಗೆ ಕೆಲಸ, ಅನ್ನ, ಚಾಪೆ ಮೂರೂ ಒಟ್ಟಿಗೆ ತಪ್ಪುತ್ತವೆ. ಊರಿಗೆ ಹೋಗಲು ನಾಚಿಕೆ. ಪರಿಚಯದವರ ಕೋಣೆಯಲ್ಲಿ ನಾಲ್ಕು ರಾತ್ರಿ, ಐದನೆಯದು ಫುಟ್‌ಪಾತಿನಲ್ಲಿ. ಫುಟ್‌ಪಾತಿನಲ್ಲಿ ನಿದ್ದೆ ಬರಬೇಕಾದರೆ ಮತ್ತೆ ಕುಡಿಯಬೇಕು. ಕೈಯಲ್ಲಿ ಕಾಸಿಲ್ಲದವನು ಅಗ್ಗದ್ದನ್ನೇ ಹುಡುಕುತ್ತಾನೆ. 2015ರ ಜೂನ್ ತಿಂಗಳಲ್ಲಿ ಇದೇ ಮುಂಬಯಿಯ ಮಾಲವಣಿಯಲ್ಲಿ ವಿಷದ ಸಾರಾಯಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತದ್ದನ್ನು ನೀವು ಮರೆತಿರಲಾರಿರಿ.

ಗಿರಣಿಯ ಹಿರಿಯರಿಗೆ ಈ ದಾರಿ ಬೇರೆ ರೀತಿಯಲ್ಲಿ ಗೊತ್ತಿದೆ. 1982ರ ಜನವರಿಯಲ್ಲಿ ಆರಂಭವಾದ ದೊಡ್ಡ ಮುಷ್ಕರದ ತರುವಾಯ ಒಂದೊಂದಾಗಿ ಗಿರಣಿಗಳು ಬಾಗಿಲು ಹಾಕಿದವು. ಪಾಳಿಯ ಭೋಂಗಾ ನಿಂತಿತು. ಗಂಟೆಗೆ ಸರಿಯಾಗಿ ನಡೆಯುತ್ತಿದ್ದ ಬಾಳಿಗೆ ಗಂಟೆಯೇ ಇಲ್ಲದಂತಾಯಿತು. ಆಗ ಕುಡಿತಕ್ಕೆ ಬಿದ್ದವರನ್ನು ನಿಮ್ಮ ಚಾಳುಗಳಲ್ಲಿಯೇ ನೀವು ಕಂಡಿದ್ದೀರಿ. ಅವರೆಲ್ಲ ಹುಟ್ಟಾ ಕೆಟ್ಟವರೆಂದು ಹೇಳುವ ಧೈರ್ಯ ಯಾರಿಗಿದೆ?

ಈಗ ದೇಶದ ಲೆಕ್ಕ ಕೇಳಿರಿ. ಕೇಂದ್ರ ಸರಕಾರದ ಪರವಾಗಿ ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆಯವರು ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಮದ್ಯದಿಂದಾದ ತೊಂದರೆಗೆ ಸಹಾಯ ಬೇಕಾದವರು ಭಾರತದಲ್ಲಿ ಸುಮಾರು 5.7 ಕೋಟಿ. ಮದ್ಯಕ್ಕೆ ಪೂರ್ತಿ ಅಂಟಿಕೊಂಡವರಲ್ಲಿ ಏನಾದರೊಂದು ಚಿಕಿತ್ಸೆ ಸಿಕ್ಕಿದ್ದು 38 ಜನರಲ್ಲಿ ಒಬ್ಬನಿಗೆ. ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ಪಡೆದವನು 180ರಲ್ಲಿ ಒಬ್ಬ. ಮನೆಯಿಂದ ಮನೆಗೆ ಹೋಗಿ ಲೆಕ್ಕ ಹಾಕುವ ಇಂಥ ಸಮೀಕ್ಷೆಗೆ ಮನೆಯೇ ಇಲ್ಲದವನು ಸಿಗುವುದೂ ಕಷ್ಟ.

ಸರಕಾರದ ಬಾಗಿಲು ಹೀಗೆ ಕಿರಿದಾಗಿರುವಲ್ಲಿ ಗುಡಿ, ಮಠ, ಚರ್ಚುಗಳ ಬಾಗಿಲು ತೆರೆದದ್ದು ಆಶ್ಚರ್ಯವಲ್ಲ. ಇದು ಹಳೆಯ ಕಥೆ. 1865ರಲ್ಲಿ ಲಂಡನ್ನಿನ ಪೂರ್ವಭಾಗದ ಬಡಕೇರಿಗಳಲ್ಲಿ ವಿಲಿಯಂ ಬೂತ್ ಎಂಬ ಉಪದೇಶಿ ಕೆಲಸ ಆರಂಭಿಸಿದ. ಅದೇ ಮುಂದೆ ಸಾಲ್ವೇಶನ್ ಆರ್ಮಿ ಎನಿಸಿತು. 1882ರಲ್ಲಿ ಅವರು ಹಿಂದುಸ್ಥಾನಕ್ಕೆ ಬಂದಾಗ ಮೊದಲು ಕಾಲಿಟ್ಟದ್ದು ನಮ್ಮ ಮುಂಬಯಿಯಲ್ಲಿಯೇ. ನ್ಯೂಯಾರ್ಕಿನಲ್ಲಿ 1872ರಲ್ಲಿ ಜೆರಿ ಮೆಕಾಲೆ ಎಂಬವನು ವಾಟರ್ ಸ್ಟ್ರೀಟ್ ಎಂಬ ಬೀದಿಯಲ್ಲಿ ಬೀದಿಪಾಲಾದ ಕುಡುಕರಿಗಾಗಿ ಒಂದು ಪ್ರಾರ್ಥನೆಯ ಮನೆ ತೆರೆದ. ಈತ ಪಾದ್ರಿಯಲ್ಲ, ಕಳ್ಳತನ ಮಾಡಿ ಸೆರೆಮನೆ ಕಂಡು ಬಂದವನು, ತಾನೇ ಕುಡುಕನಾಗಿದ್ದವನು.

ಅದೇ ನ್ಯೂಯಾರ್ಕಿನ ಇನ್ನೊಂದು ಚರ್ಚಿನ ಆಶ್ರಯಧಾಮದಲ್ಲಿದ್ದ ಹಳೆಯ ಗೆಳೆಯನೊಬ್ಬನಿಂದ ಬಿಲ್ ವಿಲ್ಸನ್ ಎಂಬ ಷೇರುಪೇಟೆಯ ಮನುಷ್ಯನಿಗೆ 1934ರಲ್ಲಿ ದಾರಿ ಕಂಡಿತು. ಮರುವರ್ಷ ಅವನೂ ಬಾಬ್ ಸ್ಮಿತ್ ಎಂಬ ಡಾಕ್ಟರೂ ಸೇರಿ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟವನ್ನು ಕಟ್ಟಿದರು. ಡಾಕ್ಟರಿಗೂ ಇದೇ ವ್ಯಸನವಿತ್ತು! ಹೆಸರು ಪ್ರಕಟಿಸದೆ, ಚಂದಾ ಕಡ್ಡಾಯ ಮಾಡದೆ, ಕುಡಿತ ಬಿಡಬೇಕೆನ್ನುವವರು ಒಟ್ಟಿಗೆ ಕೂತು ಮಾತಾಡುವ ಕೂಟ ಅದು. ದೇವರ ಮಾತು ಅದರಲ್ಲಿ ಉಂಟು. ಯಾವ ದೇವರು ಎಂಬುದನ್ನು ಮಾತ್ರ ಅವರವರಿಗೆ ಬಿಟ್ಟಿದ್ದಾರೆ. ಈ ಕೂಟ 1957ರಲ್ಲಿ ಭಾರತಕ್ಕೆ ಬಂತು. ಬಂದದ್ದು ಮತ್ತೆ ಮುಂಬಯಿಗೇ.

ಇಲ್ಲಿನದೇ ಇನ್ನೊಂದು ಉದಾಹರಣೆ ಬಾಂದ್ರಾದ್ದು. 1981ರಲ್ಲಿ ಮೌಂಟ್ ಕಾರ್ಮೆಲ್ ಚರ್ಚಿನ ಆವರಣದಲ್ಲಿ ಫಾದರ್ ಜೋ ಪೆರೇರಾ ಅವರು ಕೃಪಾ ಫೌಂಡೇಶನ್ ಆರಂಭಿಸಿದರು. ಕೂಟದ ಹನ್ನೆರಡು ಮೆಟ್ಟಿಲುಗಳ ಜೊತೆಗೆ ಅಲ್ಲಿ ಯೋಗಾಸನವನ್ನೂ ಕಲಿಸುತ್ತಾರೆ. ಅವರ ಯೋಗಗುರು ಯಾರು ಬಲ್ಲಿರಾ? ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ್ದ ಬಿ. ಕೆ. ಎಸ್. ಅಯ್ಯಂಗಾರ್ಯರು. ಕ್ರೈಸ್ತ ಪಾದ್ರಿ, ಶ್ರೀವೈಷ್ಣವ ಗುರು, ಎಲ್ಲ ಮತಗಳ ರೋಗಿಗಳು. ಮನುಷ್ಯ ಮುಳುಗುವಾಗ ಹಗ್ಗ ಎಸೆದವನ ಜಾತಿ ಕೇಳುವುದಿಲ್ಲವಷ್ಟೆ.

ನಮ್ಮ ನಾಡಿಗೆ ಬಂದರೆ, ಬಾಗಲಕೋಟೆ ಕಡೆಯ ಬಂಧುಗಳಿಗೆ ಇಳಕಲ್ಲಿನ ಮಹಾಂತ ಅಪ್ಪಗಳ ಜೋಳಿಗೆಯನ್ನು ಪರಿಚಯಿಸಬೇಕಾಗಿಲ್ಲ. ಮಠದ ಸ್ವಾಮಿಗಳು ಜೋಳಿಗೆ ಹಿಡಿದರೆ ಜೋಳ, ದುಡ್ಡು ಹಾಕುವುದು ರೂಢಿ. ಡಾ. ಮಹಾಂತ ಶಿವಯೋಗಿಗಳು ಊರೂರು, ಕೇರಿಕೇರಿ ತಿರುಗಿ ‘ನಿಮ್ಮ ಚಟಗಳನ್ನು ಹಾಕಿರಿ’ ಎಂದು ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಹುಟ್ಟಿದ ದಿನ ಆಗಸ್ಟ್ 1ನ್ನು ಕರ್ನಾಟಕ ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ದಕ್ಷಿಣ ಕನ್ನಡ, ಉಡುಪಿಯ ಗೆಳೆಯರಿಗೆ ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳು ಗೊತ್ತು. ಊರವರೇ ಸಮಿತಿ ಮಾಡಿ, ಎಂಟು ದಿನ ಒಟ್ಟಿಗೆ ಇರಿಸಿ, ಊಟ, ಭಜನೆ, ವ್ಯಾಯಾಮ, ಸಲಹೆ ಎಲ್ಲ ನಡೆಸುತ್ತಾರೆ. ಶಿಬಿರ ಮುಗಿದ ಮೇಲೆ ಬಿಟ್ಟವರದೇ ನವಜೀವನ ಸಮಿತಿ ಕಟ್ಟಿ ಸೇರುತ್ತಿರುತ್ತಾರೆ.

ಇವೆಲ್ಲವುಗಳಲ್ಲಿ ಕೆಲಸ ಮಾಡುವ ಶಕ್ತಿ ಯಾವುದು? ಭಕ್ತರು ದೇವರೆನ್ನುತ್ತಾರೆ, ನಾನು ಅವರೊಡನೆ ವಾದಕ್ಕೆ ನಿಲ್ಲುವುದಿಲ್ಲ. ಕಣ್ಣಿಗೆ ಕಾಣುವುದನ್ನಷ್ಟೆ ಹೇಳುತ್ತೇನೆ. ಒಂದು, ಒಂಟಿಯಾದವನಿಗೆ ಜೊತೆ ಸಿಗುತ್ತದೆ. ಎರಡು, ಏಳುವುದಕ್ಕೆ, ಉಣ್ಣುವುದಕ್ಕೆ, ಮಲಗುವುದಕ್ಕೆ ಹೊತ್ತು ಗೊತ್ತಾಗುತ್ತದೆ. ಮೂರು, ‘ನೀನು ಕೆಟ್ಟವನಲ್ಲ, ಮತ್ತೆ ನಿಲ್ಲಬಲ್ಲೆ’ ಎನ್ನುವವರು ಸಿಗುತ್ತಾರೆ. ನಾಲ್ಕು, ಗುಣವಾದವನು ಇನ್ನೊಬ್ಬನನ್ನು ಎತ್ತುವ ಕೆಲಸಕ್ಕೆ ನಿಲ್ಲುತ್ತಾನೆ. 2020ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆಯೊಂದು 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ವಿವರವನ್ನು ಕೂಡಿಸಿ ನೋಡಿತು. ಕುಡಿತವನ್ನು ಪೂರ್ತಿ ಬಿಟ್ಟಿರುವುದರಲ್ಲಿ ಹನ್ನೆರಡು ಮೆಟ್ಟಿಲಿನ ದಾರಿ ಉಳಿದ ಚಿಕಿತ್ಸೆಗಳಿಗೆ ಸಮವಾಗಿ, ಕೆಲವು ಕಡೆ ಮಿಗಿಲಾಗಿ ಕಂಡಿತು. ಆದುದರಿಂದ ಇದು ಬರಿಯ ಮೂಢನಂಬಿಕೆಯೆಂದು ತಳ್ಳಿಹಾಕುವಂತಿಲ್ಲ.

ಆದರೆ ಗೆಳೆಯರೆ, ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ನಿಮಗೆ ಮೋಸ ಮಾಡಿದಂತೆ. ಬಹಳ ವರ್ಷ ದಿನವೂ ಕುಡಿದವನು ಥಟ್ಟನೆ ಬಿಟ್ಟರೆ ಪ್ರಾಣಕ್ಕೆ ಅಪಾಯವುಂಟು. ಕೆಲವು ಗಂಟೆಗಳಲ್ಲಿ ಕೈ ನಡುಗುತ್ತದೆ, ಬೆವರು ಹರಿಯುತ್ತದೆ. ಮೊದಲ ಎರಡು ದಿನಗಳೊಳಗೆ ಫಿಟ್ಸು ಬರಬಹುದು. ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣುವುದು, ಜ್ವರ, ಬಡಬಡಿಕೆ. ‘ಮೈಮೇಲೆ ಏನೋ ಬಂದಿದೆ’ ಎಂದು ನಮ್ಮವರು ಬೂದಿ ಹಚ್ಚಿ ಕೂಡಿಸುವುದು ಈ ಹೊತ್ತಿನಲ್ಲಿಯೇ. ಅದು ದೆವ್ವವಲ್ಲ, ಭಂಡತನವೂ ಅಲ್ಲ; ಮದ್ಯಕ್ಕೆ ಒಗ್ಗಿದ ಮಿದುಳು ಅದು ಸಿಗದೆ ಕೆರಳುವ ರೋಗ. ನರಗಳನ್ನು ಶಾಂತಗೊಳಿಸುವ ಔಷಧಿ, ಬಿ-1 ಜೀವಸತ್ವದ ಚುಚ್ಚುಮದ್ದು ಹೊತ್ತಿಗೆ ಸರಿಯಾಗಿ ಬಿದ್ದರೆ ಮನುಷ್ಯ ಉಳಿಯುತ್ತಾನೆ, ಬೀಳದಿದ್ದರೆ ಸಾಯಬಹುದು. ಉಪವಾಸ ಬಿದ್ದು ಫುಟ್‌ಪಾತಿನಲ್ಲಿ ಮಲಗಿದವನಿಗಂತೂ ಅಪಾಯ ಹೆಚ್ಚು. ಮೊದಲ ವಾರ ಡಾಕ್ಟರದು. ಪ್ರಾರ್ಥನೆ ಆ ಹಾಸಿಗೆಯ ಪಕ್ಕದಲ್ಲಿ ನಡೆಯಲಿ, ಅದರ ಬದಲಿಗೆ ಬೇಡ.

ದೇವರ ಹೆಸರು ಹಾಕಿದ ಮನೆಯೆಲ್ಲ ದೇವರ ಮನೆಯೂ ಅಲ್ಲ. ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾಕ್ಕೆ ಹರಕೆ ಹೊತ್ತು ಬಂದ ಮನೋರೋಗಿಗಳನ್ನು ಖಾಸಗಿಯವರು ಗುಡಿಸಲುಗಳಲ್ಲಿ ಸರಪಳಿ ಹಾಕಿ ಇಟ್ಟಿದ್ದರು. 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಓಡಲಾರದೆ 28 ಮಂದಿ ಸತ್ತರು. ಇನ್ನು ದುಡಿಮೆಯ ವಿಚಾರ. ‘ಸೇವೆ’ ಎಂದೂ ‘ಚಿಕಿತ್ಸೆ’ ಎಂದೂ ಹೇಳಿ ಸಂಬಳವಿಲ್ಲದೆ ದುಡಿಸಿದರೆಂದು 2021ರಿಂದ ಈಚೆಗೆ ಅಮೆರಿಕೆಯಲ್ಲಿ ಸಾಲ್ವೇಶನ್ ಆರ್ಮಿಯ ಮೇಲೆಯೇ ಅಲ್ಲಿದ್ದು ಬಂದವರು ದಾವೆ ಹೂಡಿದ್ದಾರೆ. ಕೆಲಸ ಮೈಗೆ ಒಳ್ಳೆಯದು, ಒಪ್ಪಿದೆ. ಆದರೆ ಬೆವರಿಗೆ ಬೆಲೆ ಕಟ್ಟುವುದನ್ನು ಕಲಿತ ನಾವು ಈ ಪ್ರಶ್ನೆಯನ್ನು ಕೇಳದೆ ಬಿಡಲಾಗದು.

ಎಲ್ಲಕ್ಕಿಂತ ದೊಡ್ಡ ತೊಡಕು ಕರಾರು. ಎಷ್ಟೋ ಕಡೆ ಕುಡಿತ ಬಿಟ್ಟರೆ ಹಾಸಿಗೆ, ಜಾರಿದರೆ ಮತ್ತೆ ಬೀದಿ. 1992ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ತಿರುವಿ ಹಾಕಿದರು: ಮೊದಲು ಮನೆ, ಆಮೇಲೆ ಚಿಕಿತ್ಸೆ. ಹೀಗೆ ಮನೆ ಪಡೆದವರಲ್ಲಿ ಹೆಚ್ಚಿನವರು ಮನೆ ಉಳಿಸಿಕೊಂಡರು. ಮನೆ ಕೊಟ್ಟ ಮಾತ್ರಕ್ಕೆ ಎಲ್ಲರ ಕುಡಿತ ನಿಲ್ಲಲಿಲ್ಲ, ನಿಜ. ಆದರೆ ಬಾಗಿಲು ಹಾಕಿಕೊಂಡು ಮಲಗಬಲ್ಲವನಿಗೆ ನಾಳೆಯ ಯೋಚನೆ ಮಾಡಲು ಸಾಧ್ಯ; ಪೋಲೀಸರ ಲಾಠಿಗೆ ಹೆದರಿ ಮಲಗಿದವನಿಗೆ ಬೆಳಗಾದರೆ ಸಾಕು.

ಆದುದರಿಂದ ನಮ್ಮವನೊಬ್ಬನನ್ನು ಯಾವುದೇ ಆಶ್ರಮಕ್ಕೋ ಕೇಂದ್ರಕ್ಕೋ ಕಳಿಸುವ ಮೊದಲು ಐದು ಪ್ರಶ್ನೆ ಕೇಳಿರಿ. ಅಲ್ಲಿ ಡಾಕ್ಟರು ಬರುತ್ತಾರೆಯೆ? ಕಟ್ಟಿಹಾಕುವುದು, ಹೊಡೆಯುವುದು ಉಂಟೆ? ಮನೆಯವರೊಡನೆ ಮಾತಾಡಲು ಬಿಡುತ್ತಾರೆಯೆ? ಅವನ ದೇವರನ್ನು, ಅಥವಾ ದೇವರಿಲ್ಲವೆಂಬ ಅವನ ನಂಬಿಕೆಯನ್ನು, ಅವನಿಗೇ ಬಿಡುತ್ತಾರೆಯೆ? ಹೊರಬಿದ್ದ ರಾತ್ರಿ ಅವನು ಎಲ್ಲಿ ಮಲಗಬೇಕು?

ಕಾಯಿದೆಯೂ ನಮ್ಮ ಪರವಾಗಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ಮದ್ಯ, ಮಾದಕ ವಸ್ತುಗಳಿಂದಾದ ಮನೋವ್ಯಾಧಿಗಳೂ ಸೇರಿವೆ. ಸರಪಳಿ ಹಾಕುವುದನ್ನು ಅದು ನಿಷೇಧಿಸಿದೆ. ನಿರ್ಗತಿಕನಿಗೆ, ಮನೆಯಿಲ್ಲದವನಿಗೆ ಸರಕಾರಿ ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಪುಕ್ಕಟೆಯಾಗಿ ಸಿಗಬೇಕೆಂದು ಅದರಲ್ಲಿಯೇ ಇದೆ. ಬಡತನಕ್ಕೆ ಕಾರ್ಡು ತೋರಿಸೆಂದು ಕೇಳುವ ಹಾಗಿಲ್ಲ. ಊರಿನಲ್ಲಿ ಲಕ್ಷ ಜನಕ್ಕೆ ಒಂದರಂತೆ ರಾತ್ರಿಯ ತಂಗುದಾಣ ಇರಬೇಕೆಂದು 2010ರಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿತು. ಅದು ಇಷ್ಟು ದೊಡ್ಡ ಮುಂಬಯಿಯಲ್ಲಿ ಎಷ್ಟು ಜಾರಿಗೆ ಬಂದಿದೆಯೆಂಬುದನ್ನು ನೀವು ರಾತ್ರಿ ಪಾಳಿ ಮುಗಿಸಿ ನಡೆದು ಬರುವಾಗ ಕಣ್ಣಾರೆ ನೋಡುತ್ತೀರಿ. ಸಲಹೆ ಬೇಕಾದರೆ 14446 ಎಂಬ ಸರಕಾರದ ಸಹಾಯವಾಣಿಗೆ ದುಡ್ಡಿಲ್ಲದೆ ಕರೆ ಮಾಡಬಹುದು.

ಕೊನೆಯದಾಗಿ ನಮ್ಮ ಸಂಘದ ಪಾಲು. ಆಸ್ಪತ್ರೆ ಕಟ್ಟುವ ಶಕ್ತಿ ನಮಗಿಲ್ಲ. ಆದರೆ ಹಗಲು ಲೋಟ ತೊಳೆದ ಹುಡುಗರಿಗೆ ಈ ಊರಿನಲ್ಲಿ ಕನ್ನಡದ ರಾತ್ರಿ ಶಾಲೆ ನಡೆಸಿದ ಜನ ನಾವು. ನನ್ನ ಸೂಚನೆ ಮೂರು. ಚಿಕಿತ್ಸೆ ಮುಗಿಸಿ ಬಂದವನಿಗೆ ಮೂರು ತಿಂಗಳು ಮಲಗಲು ಎರಡು ಜಾಗಗಳನ್ನು ಸಂಘದ ಖರ್ಚಿನಲ್ಲಿ ಕಾದಿರಿಸೋಣ; ಅದಕ್ಕೆ ಭಜನೆಯ ಕರಾರೂ ಬೇಡ, ಜಾತಿಯ ಕರಾರೂ ಬೇಡ, ಒಮ್ಮೆ ಜಾರಿದನೆಂದು ಹೊರಗೆ ಹಾಕುವುದೂ ಬೇಡ. ಹೋಟೆಲಿನ ಧಣಿಗಳನ್ನು ಕಂಡು, ಡಾಕ್ಟರ ಚೀಟಿ ತಂದವನಿಗೆ ಹಳೆಯ ಕೆಲಸವನ್ನೇ ಕೊಡಬೇಕೆಂದು ಕೇಳೋಣ. ಬಾರು ಇರುವ ಹೋಟೆಲಾದರೆ ಗ್ಲಾಸಿನ ಕೆಲಸ ಬಿಟ್ಟು ಅಡಿಗೆಮನೆಯಲ್ಲಿ ಕೊಡಲಿ. ಬಿಟ್ಟವರು ವಾರಕ್ಕೊಮ್ಮೆ ಸೇರಿ ನಮ್ಮ ಭಾಷೆಯಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಈ ಕೋಣೆಯನ್ನು ಬಿಟ್ಟುಕೊಡೋಣ. ಪರಭಾಷೆಯಲ್ಲಿ ಲೆಕ್ಕ ಹೇಳಬಹುದು, ದುಃಖ ಹೇಳಿಕೊಳ್ಳುವುದು ಕಷ್ಟ.

ಈ ಮೂರು ಸೂಚನೆಗಳನ್ನು ಅಧ್ಯಕ್ಷರು ಇಂದೇ ಸಭೆಯ ಮುಂದೆ ಮತಕ್ಕೆ ಹಾಕಬೇಕೆಂದು ಬೇಡಿಕೊಳ್ಳುತ್ತೇನೆ. ಮೊದಲನೆಯ ಜಾಗದ ಬಾಡಿಗೆಗೆ ನನ್ನ ಪಾಲನ್ನು ಖಜಾಂಚಿಯವರ ಮೇಜಿನ ಮೇಲೆ ಇಟ್ಟು ಕೂಡುತ್ತೇನೆ.