ಮಾಡಿನ ಮೇಲೊಂದು ಹೊದಿಕೆ ಬೇಕೇ?

(ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಒಡೆದ ಹೆಂಚು ಬದಲಿಸುವುದು, ಇರಚಲು ಹೊಡೆಯುವ ಕಡೆ ಅಡಿಕೆ ಸೋಗೆಯ ತಟ್ಟಿ ಕಟ್ಟುವುದು ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚಿನ ಕೆಲಸಗಳು. ಮನೆಯನ್ನು ನೀರಿನಿಂದ ಕಾಯುವ ಇದೇ ಚಿಂತೆ ಅಮೆರಿಕದಲ್ಲಿ ಗಾಲಿಯ ಮೇಲಿನ ಮನೆಗಳನ್ನು, ಅಂದರೆ ಕ್ಯಾಂಪಿಂಗ್ ಟ್ರೇಲರ್‌ಗಳನ್ನು ಇಟ್ಟುಕೊಂಡವರಿಗೂ ಇದೆ. ಟ್ರೇಲರಿನಿಂದ ಹೊರಸರಿಯುವ ಕೋಣೆಯ ಮಾಡಿಗೆ ಬಟ್ಟೆಯ ಹೊದಿಕೆಯೊಂದನ್ನು ಹಾಕಿಸಬೇಕೇ, ಬೇಡವೇ ಎಂಬುದು ಅವರ ಪ್ರಶ್ನೆ. ಇದು ದೂರದ ಮಾತೆನಿಸಬಹುದು. ಆದರೆ 2021ರಲ್ಲಿ ಕೇರಳ ಸರ್ಕಾರ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿತು. 2022ರಲ್ಲಿ ಪಶ್ಚಿಮಘಟ್ಟದ ವಾಗಮಣ್‌ನಲ್ಲಿ ಅಂಥ ವಾಹನಗಳ ತಂಗುದಾಣ ತೆರೆಯಿತು. ಗಾಲಿಮನೆಗಳು ಘಟ್ಟ ಹತ್ತಿರುವಾಗ ಅವುಗಳ ಬಾಳಿಕೆಯ ವಿಚಾರವನ್ನು ಅರಿತಿರುವುದು ಒಳ್ಳೆಯದು.

ಅಮೆರಿಕದ ಹೆದ್ದಾರಿಗಳಲ್ಲಿ ವಾಹನದ ಅಗಲ ಸಾಮಾನ್ಯವಾಗಿ 102 ಇಂಚು, ಅಂದರೆ ಎಂಟೂವರೆ ಅಡಿಯನ್ನು ಮೀರುವಂತಿಲ್ಲ. ಅಷ್ಟರೊಳಗೆ ಅಡುಗೆ, ಊಟ, ನಿದ್ರೆ ಎಲ್ಲಕ್ಕೂ ಜಾಗ ಇಕ್ಕಟ್ಟು. ಆದ್ದರಿಂದ ಗಾಡಿ ನಿಂತ ಮೇಲೆ ಗೋಡೆಯ ಒಂದು ಭಾಗವೇ ಮೇಜಿನ ಖಾನೆಯಂತೆ ಹೊರಗೆ ಸರಿಯುವ ವ್ಯವಸ್ಥೆ 1990ರ ದಶಕದಿಂದೀಚೆಗೆ ವ್ಯಾಪಕವಾಗಿ ಬಳಕೆಗೆ ಬಂದಿತು. ಇದಕ್ಕೆ ಸ್ಲೈಡ್‌ಔಟ್ ಎಂದು ಹೆಸರು. ಈ ಕೋಣೆಯ ಮಾಡು ಬಹುಮಟ್ಟಿಗೆ ಸಮತಟ್ಟು. ಅದರ ಮೇಲೆ ಎಲೆ, ಕಡ್ಡಿ, ನೀರು, ಚಳಿಗಾಲದಲ್ಲಿ ಹಿಮ ನಿಲ್ಲುತ್ತವೆ. ಕೋಣೆಯನ್ನು ಒಳಸೇರಿಸುವಾಗ ರಬ್ಬರ್ ಪಟ್ಟಿಯೊಂದು ಇವನ್ನು ಒರೆಸಿ ಹಾಕಬೇಕು. ಆದರೆ ಒಂದು ಕಡ್ಡಿ ಪಟ್ಟಿಯಡಿ ಸಿಕ್ಕಿದರೂ ಸಾಕು, ಪಟ್ಟಿ ಹರಿಯುತ್ತದೆ ಅಥವಾ ಮಾಡಿನ ಪದರ ಗೀರುಬೀಳುತ್ತದೆ, ನೀರು ಒಳಗಿಳಿಯುತ್ತದೆ.

ಇದನ್ನು ತಡೆಯಲು ಹಾಕುವುದೇ ಸ್ಲೈಡ್ ಟಾಪರ್ ಎಂಬ ಹೊದಿಕೆ. ಬಟ್ಟೆಯ ಒಂದು ಅಂಚು ಟ್ರೇಲರಿನ ಗೋಡೆಗೆ ಬಿಗಿದಿರುತ್ತದೆ. ಇನ್ನೊಂದು ಅಂಚು ಹೊರಸರಿಯುವ ಕೋಣೆಯ ತುದಿಯಲ್ಲಿ, ಸ್ಪ್ರಿಂಗ್ ಇರುವ ಉರುಳೆಗೆ ಸುತ್ತಿರುತ್ತದೆ. ಕೋಣೆ ಹೊರಬಂದಂತೆ ಬಟ್ಟೆ ಬಿಚ್ಚಿಕೊಳ್ಳುತ್ತದೆ, ಒಳಸೇರಿದಂತೆ ಸುತ್ತಿಕೊಳ್ಳುತ್ತದೆ. ಬಿಸಿಲಿನಲ್ಲಿ ಮಾಡಿಗೆ ಒಂದಿಷ್ಟು ನೆರಳೂ ದೊರೆಯುತ್ತದೆ.

ಇದು ಪರಿಸರದ ಪ್ರಶ್ನೆಯೂ ಹೇಗಾಗುತ್ತದೆಂಬುದನ್ನು ಗಮನಿಸಬೇಕು. ಅನೇಕ ಟ್ರೇಲರ್‌ಗಳ ಗೋಡೆ ಮತ್ತು ನೆಲ ತೆಳು ಪ್ಲೈವುಡ್, ಫೋಮ್, ಫೈಬರ್‌ಗ್ಲಾಸ್‌ಗಳನ್ನು ಅಂಟಿಸಿ ಮಾಡಿದವು. ನೀರು ಹೊಕ್ಕರೆ ಪ್ಲೈವುಡ್ ಕೊಳೆಯುತ್ತದೆ, ಪದರಗಳು ಬಿಡುತ್ತವೆ, ಬೂಷ್ಟು ಹಿಡಿಯುತ್ತದೆ. ಹಾಗೆ ಕೆಟ್ಟ ಗೋಡೆಯ ದುರಸ್ತಿ ದುಬಾರಿ. ಅಂಟಿಸಿದ ಪದರಗಳನ್ನು ಬೇರ್ಪಡಿಸಿ ಮರುಬಳಸುವುದು ಬಲು ಕಷ್ಟ. ಎಂಜಿನ್ನಿಲ್ಲದ, ಗಾಲಿ ಚೆನ್ನಾಗಿಯೇ ಇರುವ ಇಡೀ ಮನೆ ಸಣ್ಣ ಸೋರಿಕೆಯೊಂದರಿಂದ ಕಸದ ಗುಂಡಿಯ ಪಾಲಾಗುತ್ತದೆ. ಇದನ್ನು ತಪ್ಪಿಸುವ ಹೊದಿಕೆ ಸಾರ್ಥಕವೇ ಸರಿ.

ಆದರೆ ಹೊದಿಕೆಗೂ ತನ್ನದೇ ದೋಷಗಳಿವೆ. ವಿನೈಲ್ ಬಟ್ಟೆ ನೀರು ತಡೆಯುತ್ತದೆ, ಆದರೆ ವರ್ಷಗಟ್ಟಲೆ ಬಿಸಿಲಿಗೆ ಗಡಸಾಗಿ ಬಿರಿಯುತ್ತದೆ. ಅದು ಪಿವಿಸಿ, ಮಣ್ಣಿಗೆ ಸೇರದು, ಸುಟ್ಟರೆ ವಿಷಾನಿಲ. ಸೋಗೆಯ ತಟ್ಟಿಯಾದರೋ ಮಳೆ ಮುಗಿದ ಮೇಲೆ ಗೊಬ್ಬರವಾಗುತ್ತದೆ. ನೇಯ್ದ ಆಕ್ರಿಲಿಕ್ ಬಟ್ಟೆ ಗಾಳಿಯಾಡಿ ಬೇಗ ಒಣಗುತ್ತದೆ. ಆದರೆ ಅದರ ಮೇಲೆ ನೀರು ನಿಂತರೆ ಕ್ರಮೇಣ ಒಸರುತ್ತದೆ. ಅಗಲವಾದ ಬಟ್ಟೆ ನಡುವೆ ಜೋತು, ಮಳೆನೀರು ಕೆರೆಯಂತೆ ನಿಲ್ಲುತ್ತದೆ. ಬಲವಾದ ಗಾಳಿಗೆ ಬಟ್ಟೆ ರಾತ್ರಿಯಿಡೀ ಬಡಿಯುತ್ತದೆ, ಒಮ್ಮೊಮ್ಮೆ ಹರಿಯುತ್ತದೆ.

ಆದ್ದರಿಂದ ತೀರ್ಮಾನಕ್ಕೆ ಗಾಡಿ ಎಲ್ಲಿ, ಎಷ್ಟು ದಿನ ನಿಲ್ಲುತ್ತದೆಂಬುದೇ ಆಧಾರ. ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ರಾಷ್ಟ್ರೀಯ ಉದ್ಯಾನದ ಹೋ ಮಳೆಕಾಡಿನಲ್ಲಿ ವರ್ಷಕ್ಕೆ ಸುಮಾರು 140 ಇಂಚು ಮಳೆ. ಸ್ಪ್ರೂಸ್, ಹೆಮ್‌ಲಾಕ್ ಮರಗಳ ಸೂಜಿಯೆಲೆಗಳು ಉದುರುತ್ತಲೇ ಇರುತ್ತವೆ. ಅಂಥ ಸೀಮೆಯಲ್ಲಿ ತಿಂಗಳುಗಟ್ಟಲೆ ಕೋಣೆ ತೆರೆದಿಡುವವರಿಗೆ ಹೊದಿಕೆ ಅಗತ್ಯ. ಅರಿಜೋನಾದ ಕ್ವಾರ್ಟ್‌ಜೈಟ್ ಮರುಭೂಮಿಯ ಊರು. ಚಳಿಗಾಲದಲ್ಲಿ ಸಾವಿರಾರು ಗಾಲಿಮನೆಗಳು ಸೇರುವ ಅಲ್ಲಿ ವಾರ್ಷಿಕ ಮಳೆ ಐದು ಇಂಚಿಗಿಂತ ಕಡಿಮೆ. ಬಿಸಿಲು ಬಟ್ಟೆಯನ್ನು ತಿನ್ನುತ್ತದೆ. ಅಲ್ಲಿಗಷ್ಟೇ ಹೋಗುವವರಿಗೆ, ವರ್ಷದಲ್ಲಿ ನಾಲ್ಕು ವಾರಾಂತ್ಯ ಮಾತ್ರ ಹೊರಡುವವರಿಗೆ ಒಂದು ಪೊರಕೆ ಮತ್ತು ಏಣಿ ಸಾಕು.

ಆದರೆ ಏಣಿ ಹತ್ತುವವರು ಯಾರು ಎಂಬುದನ್ನೂ ಕೇಳಬೇಕು. ನಿವೃತ್ತರಾಗಿ ಟ್ರೇಲರಿನಲ್ಲೇ ದಿನ ಕಳೆಯುವ ವೃದ್ಧರು ಅಲ್ಲಿ ಬಹಳ. ಪ್ರತಿ ಬಾರಿ ಹೊರಡುವಾಗ ಒದ್ದೆ ಏಣಿಯಲ್ಲಿ ನಿಂತು ಮಾಡು ಗುಡಿಸುವುದು ಎಪ್ಪತ್ತರ ಪ್ರಾಯದವರಿಗೆ ಅಪಾಯದ ಕೆಲಸ. ಅವರ ಮಟ್ಟಿಗೆ ಹೊದಿಕೆ ಕೈಕಾಲು ಕಾಯುವ ಉಪಾಯವೂ ಹೌದು.

ಹಾಕಿಸಲು ನಿರ್ಧರಿಸಿದವರು ಪಾಲಿಸಬೇಕಾದ ಕ್ರಮವೂ ಇದೆ. ಮೊದಲು ಈಗಿರುವ ರಬ್ಬರ್ ಪಟ್ಟಿ ಮತ್ತು ಮಾಡಿನ ಸಂದುಗಳನ್ನು ಪರೀಕ್ಷಿಸಿ, ಸೋರಿಕೆಯಿದ್ದರೆ ಸರಿಪಡಿಸಬೇಕು. ಸೋರುವ ಮಾಡನ್ನು ಬಟ್ಟೆಯಿಂದ ಮುಚ್ಚಿದರೆ ಕೊಳೆತ ಕಣ್ಣಿಗೆ ಬೀಳದೆ ಬೆಳೆಯುತ್ತದೆ. ಉರುಳೆಯನ್ನು ಉಳಿಸಿಕೊಂಡು ಬಟ್ಟೆಯನ್ನಷ್ಟೇ ಬದಲಿಸಬಹುದಾದ ಹೊದಿಕೆಯನ್ನು ಆರಿಸಬೇಕು. ನೀರು ಅಥವಾ ಹಿಮ ನಿಂತಿದ್ದರೆ ಇಳಿಸಿದ ಮೇಲೆಯೇ ಕೋಣೆಯನ್ನು ಒಳಸೇರಿಸಬೇಕು. ಪ್ರಯಾಣದಲ್ಲಿ ಗಾಳಿಗೆ ಬಟ್ಟೆ ಬಿಚ್ಚಿಕೊಳ್ಳದಂತೆ ಉರುಳೆಯ ಬೀಗ ಸರಿಯಾಗಿದೆಯೇ ನೋಡಬೇಕು. ಬಳಸದ ತಿಂಗಳುಗಳಲ್ಲಿ ಗಾಡಿಯನ್ನು ಕೊಟ್ಟಿಗೆಯಂಥ ಮಾಡಿನಡಿ ನಿಲ್ಲಿಸಲು ಸಾಧ್ಯವಾದರೆ ಅದಕ್ಕಿಂತ ಉತ್ತಮ ರಕ್ಷಣೆಯಿಲ್ಲ.

ನಾಳೆ ಇಂಥ ವಾಹನಗಳು ನಮ್ಮ ಘಟ್ಟಗಳಲ್ಲೂ ಹೆಚ್ಚಿದರೆ, ತಂಗುದಾಣ ನಡೆಸುವವರನ್ನು ಈ ಪ್ರಶ್ನೆಗಳನ್ನೇ ಕೇಳಬೇಕು: ಗಾಡಿ ನಿಲ್ಲುವ ಜಾಗಕ್ಕೆ ಮಾಡಿದೆಯೇ? ಹರಿದ ಹೊದಿಕೆ, ಕೊಳೆತ ಗೋಡೆ ಕೊನೆಗೆ ಯಾವ ಹಳ್ಳಕ್ಕೆ ಬೀಳುತ್ತದೆ? ಉತ್ತರ ದೊರೆತ ಮೇಲೆ ಅನುಮತಿಯ ಮಾತು.